ಟೆಂಟಿನಿಂದ ಮಾಯಾಲೋಕಕ್ಕೆ: ಬಿ. ವಿಠಲಾಚಾರ್ಯರ ಬದುಕು

(ಹಳೆಯ ವಿದ್ಯಾರ್ಥಿ, ಬಿ.ಇ., 2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ)

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಹಿರಿಯರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಆಗಲೇ ಯಾರೋ ಬರೆಸಿದ್ದರು. ಕುವೆಂಪು, ನಾಲ್ವಡಿಯವರ ಹೆಸರುಗಳೂ ಹೋಗಿದ್ದವು. ನಾನು ಬಿ. ವಿಠಲಾಚಾರ್ಯರ ಹೆಸರು ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಮಂತ್ರವಾದಿ, ದೆವ್ವ, ಹಾರುವ ಕುದುರೆಗಳ ಸಿನಿಮಾ ಮಾಡಿದವರು ಶಾಲೆಯ ಸಂಚಿಕೆಯಲ್ಲಿ ಏಕೆ ಎಂಬ ಪ್ರಶ್ನೆ ಆ ಮೌನದಲ್ಲಿತ್ತು. ಅದಕ್ಕೆ ಉತ್ತರ ಹೇಳಬೇಕಾದರೆ ನಮ್ಮದೇ ಶಾಲೆಯ ಅಂಗಳದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಆರಂಭಿಸಬೇಕು.

ನಾನಾಗ ಒಂಬತ್ತನೇ ತರಗತಿ. ಶಾಲಾ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಂದು ಪೌರಾಣಿಕ ದೃಶ್ಯ, ಒಂದು ಹಾಸ್ಯ, ನಾಲ್ಕು ನೃತ್ಯ ಇರುತ್ತಿದ್ದವು. ಆ ಸಲ ನಾನು ಬೇರೆ ಏನಾದರೂ ಮಾಡೋಣವೆಂದು ಹಟ ಹಿಡಿದೆ. ಟಿ.ವಿ.ಯಲ್ಲಿ ಒಂದು ಹಳೆಯ ಇಂಗ್ಲಿಷ್ ಸಿನಿಮಾ ನೋಡಿದ್ದೆ. ಬೇರೆ ಗ್ರಹದವರು ಹಾರುವ ತಟ್ಟೆಯಲ್ಲಿ ಬಂದು ಭೂಮಿಯ ಮೇಲೆ ದಾಳಿ ಮಾಡುವ ಕಥೆ. ಅದನ್ನೇ ನಮ್ಮೂರಿಗೆ ತಂದೆ. ಅನ್ಯಗ್ರಹದವರು ಕುಂತಿಬೆಟ್ಟದ ಮೇಲೆ ಇಳಿಯುತ್ತಾರೆ, ಅವರ ವಾಹನಕ್ಕೆ ಇಂಧನವಾಗಿ ಬೆಲ್ಲ ಬೇಕು, ಪಾಂಡವಪುರದ ಆಲೆಮನೆಗಳನ್ನೆಲ್ಲ ದೋಚಲು ಹೊರಡುತ್ತಾರೆ. ಬರೆದವನು, ಆಡಿಸುವವನು, ಅವರನ್ನು ತಡೆಯುವ ವಿಜ್ಞಾನಿ, ಮೂರೂ ನಾನೇ. ಅನ್ಯಗ್ರಹದ ನಾಯಕ ನನ್ನ ಬೆಂಚಿನ ಗೆಳೆಯ. ಅವನ ತಲೆಗೆ ಕಣ್ಣಿನ ಜಾಗದಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಬಕೆಟ್ಟು, ಮೈಗೆ ಬೆಳ್ಳಿ ಕಾಗದ ಅಂಟಿಸಿದ ಗೊಬ್ಬರದ ಚೀಲ. ಅವನ ತಾಯಿಯಿಂದ ಕೇಳಿ ತಂದ ಎರಡು ಊಟದ ತಟ್ಟೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಅಂಚಿಗೆ ತೂತು ಹೊಡೆದು, ಟಾರ್ಚಿನ ಬಲ್ಬು ಸಿಕ್ಕಿಸಿ, ಶಾಮಿಯಾನದ ಕಂಬಗಳ ನಡುವೆ ಮೀನು ಹಿಡಿಯುವ ನೈಲಾನ್ ದಾರದಲ್ಲಿ ತೂಗುಹಾಕಿದ್ದೆವು.

ಅಭ್ಯಾಸದಲ್ಲಿ ಹತ್ತು ಸಲ ಸರಿಯಾಗಿ ಇಳಿದ ತಟ್ಟೆ ಅವತ್ತು ಅರ್ಧದಲ್ಲಿ ನಿಂತಿತು. ದೀಪದ ಬೆಳಕಿಗೆ ದಾರ ಪಳಪಳ ಹೊಳೆಯುತ್ತಿತ್ತು. ಮುಂದೆ ಚಾಪೆಯ ಮೇಲೆ ಕೂತಿದ್ದ ಮಕ್ಕಳೆಲ್ಲ ದಾರ, ದಾರ ಎಂದು ಕೂಗಿದರು. ಪರದೆಯ ಹಿಂದಿದ್ದವನು ಜಗ್ಗಿದ. ದಾರ ಕಿತ್ತು, ತಟ್ಟೆ ಬಿದ್ದು ಎರಡು ಹೋಳಾಗಿ ಉರುಳಿತು. ಅಂಗಳ ತುಂಬ ನಗು. ನಾನು ವೇದಿಕೆಯಿಂದ ಇಳಿದು, ಯಾರಿಗೂ ಹೇಳದೆ, ಬಿಳಿ ಕೋಟಿನಲ್ಲೇ ಮನೆಗೆ ಓಡಿದೆ. ನನ್ನ ಗೆಳೆಯ ಬಕೆಟ್ಟು ತೊಟ್ಟು ಅಲ್ಲೇ ನಿಂತಿದ್ದ.

ಮನೆಯಲ್ಲಿ ಜಗಲಿಯ ಮೇಲೆ ತಾತ ಕೂತಿದ್ದರು. ಅಳುತ್ತಲೇ ಎಲ್ಲ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಆ ಇನ್ನೊಬ್ಬ ಹುಡುಗ ಏನಾದ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವರು, ದಾರ ಕಂಡರೆ ಆಟ ಕೆಡುವುದಿಲ್ಲ, ಆಟಗಾರ ಓಡಿಹೋದರೆ ಕೆಡುತ್ತದೆ ಎಂಬ ಅರ್ಥದ ಮಾತು ಹೇಳಿ, ತಮ್ಮ ಹರೆಯದಲ್ಲಿ ಟೆಂಟಿನಲ್ಲಿ ನೋಡಿದ ‘ಜಗನ್ಮೋಹಿನಿ’ಯ ಕಥೆ ತೆಗೆದರು. ವಿಠಲಾಚಾರ್ಯ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆ ರಾತ್ರಿ.

ಬಿ. ವಿಠಲಾಚಾರ್ಯರು ಹುಟ್ಟಿದ್ದು 1920ರ ಜನವರಿಯಲ್ಲಿ, ಉಡುಪಿಗೆ ಹತ್ತಿರದ ಉದ್ಯಾವರದಲ್ಲಿ. ಮನೆಗೆ ಏಳನೆಯ ಮಗು. ತಂದೆ ಹೆಸರುವಾಸಿಯಾದ ಆಯುರ್ವೇದ ಪಂಡಿತರು, ಬಂದವರಿಗೆ ದುಡ್ಡು ತೆಗೆದುಕೊಳ್ಳದೆ ಔಷಧಿ ಕೊಡುತ್ತಿದ್ದವರು. ಕರಾವಳಿಯ ಆ ಊರುಗಳಲ್ಲಿ ಸುಗ್ಗಿ ಮುಗಿದರೆ ಗದ್ದೆಗಳಲ್ಲಿ ಯಕ್ಷಗಾನ, ಬಯಲಾಟ. ಹುಡುಗನಿಗೆ ಅದರದೇ ಹುಚ್ಚು. ಯಕ್ಷಗಾನದ ರಂಗದಲ್ಲಿ ಕಾಡಿಲ್ಲ, ಅರಮನೆಯಿಲ್ಲ, ಸಮುದ್ರವಿಲ್ಲ. ವೇಷಧಾರಿ ಎರಡು ಸುತ್ತು ಕುಣಿದರೆ ಭೂಲೋಕದಿಂದ ದೇವಲೋಕಕ್ಕೆ ಹೋದಂತೆ. ನೋಡುವವರು ಅದನ್ನು ಒಪ್ಪಿಕೊಂಡೇ ಕೂತಿರುತ್ತಾರೆ. ಈ ಒಪ್ಪಂದವನ್ನು ಅವರು ಬಾಲ್ಯದಲ್ಲೇ ಕಂಡಿದ್ದರು.

ಓದಿದ್ದು ಮೂರನೆಯ ತರಗತಿಯವರೆಗೆ ಮಾತ್ರ. ಒಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು, ಘಟ್ಟ ಹತ್ತಿ, ಹಾಸನ ಜಿಲ್ಲೆಯ ಅರಸೀಕೆರೆ ಸೇರಿದರು. ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿ ಓದಬೇಕಾದ ವಯಸ್ಸು ಅದು. ಅರಸೀಕೆರೆ ದೊಡ್ಡ ರೈಲ್ವೆ ಜಂಕ್ಷನ್, ಬಂದವರಿಗೆ ಒಂದಲ್ಲ ಒಂದು ಕೆಲಸ ಸಿಗುತ್ತಿದ್ದ ಊರು. ಸಿಕ್ಕ ಕೆಲಸಗಳನ್ನೆಲ್ಲ ಮಾಡಿ, ಮುಂದೆ ಬಂಧುವೊಬ್ಬರಿಂದ ಒಂದು ಉಡುಪಿ ಹೋಟೆಲನ್ನು ಕೊಂಡು ಚೆನ್ನಾಗಿಯೇ ನಡೆಸಿದರು. ಹೋಟೆಲು ನಡೆಸುವವನಿಗೆ ಎರಡು ವಿಷಯ ತಿಳಿದಿರಬೇಕು: ಗಿರಾಕಿಗೆ ಏನು ಬೇಕು, ಅಕ್ಕಿ ಬೇಳೆಗೆ ಎಷ್ಟು ಖರ್ಚು. ಅವರ ಮುಂದಿನ ಸಿನಿಮಾಗಳ ಲೆಕ್ಕ ಈ ಎರಡರ ಮೇಲೇ ನಿಂತಿತ್ತು ಎಂದು ನನಗನ್ನಿಸುತ್ತದೆ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂತು. ಗೆಳೆಯರೊಡನೆ ಚಳವಳಿಗೆ ಇಳಿದು ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಹೋಟೆಲನ್ನು ತಮ್ಮನಿಗೆ ವಹಿಸಿ, ಡಿ. ಶಂಕರ್ ಸಿಂಗ್ ಮೊದಲಾದ ಗೆಳೆಯರ ಜೊತೆ ಹಾಸನ ಜಿಲ್ಲೆಯಲ್ಲಿ ಒಂದು ಟೂರಿಂಗ್ ಟಾಕೀಸ್ ಕಟ್ಟಿದರು. ಒಂದು ಟೆಂಟು ನಾಲ್ಕಾಯಿತು. ಅವನ್ನು ನಡೆಸುವ ಹೊಣೆ ವಿಠಲಾಚಾರ್ಯರದು.

ಈಗಿನ ಮಕ್ಕಳಿಗೆ ಟೆಂಟ್ ಸಿನಿಮಾ ಎಂದರೆ ಬಿಡಿಸಿ ಹೇಳಬೇಕು. ತಾತ ಹೇಳಿದ್ದನ್ನೇ ಬರೆಯುತ್ತೇನೆ. ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಹಳಬರು ಕರೆಯುತ್ತಿದ್ದ ನಮ್ಮ ಪಾಂಡವಪುರಕ್ಕೆ ಸುಗ್ಗಿಯ ಹೊತ್ತಿಗೆ ಗಾಡಿಗಳಲ್ಲಿ ಕಂಬ, ಗುಡಾರದ ಬಟ್ಟೆ, ಪ್ರೊಜೆಕ್ಟರು ಬರುತ್ತಿದ್ದವು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಕುರ್ಚಿ. ನೆಲದವರು ಮರಳನ್ನು ಗುಡ್ಡೆ ಮಾಡಿ ಎತ್ತರಕ್ಕೆ ಕೂರುವುದು, ಹಿಂದಿನವನು ಜಗಳ ತೆಗೆಯುವುದು. ಒಂದೇ ಪ್ರೊಜೆಕ್ಟರು, ಆದ್ದರಿಂದ ರೀಲು ಬದಲಿಸುವಾಗಲೆಲ್ಲ ಬಿಡುವು. ಕತ್ತಲಾದ ಮೇಲೆಯೇ ಆಟ. ಮುಂದಿನ ವರ್ಷಗಳಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಸುತ್ತಲ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರಂತೆ.

ವಿಠಲಾಚಾರ್ಯರು ತಮ್ಮ ಟೆಂಟುಗಳಲ್ಲಿ ಹಾಕಿದ ಪ್ರತಿ ಚಿತ್ರವನ್ನೂ ನೋಡುತ್ತಿದ್ದರು. ಯಾವುದೇ ಸಿನಿಮಾ ಶಾಲೆಗೆ ಹೋಗದವರಿಗೆ ಅದೇ ಪಾಠಶಾಲೆ. ಟೆಂಟಿನ ಮಾಲೀಕನಿಗೆ ಪರದೆಯಷ್ಟೇ ಜನರೂ ಕಾಣುತ್ತಾರೆ. ಯಾವ ದೃಶ್ಯಕ್ಕೆ ನೆಲದವರು ಎದ್ದು ನಿಂತರು, ಯಾವ ಹಾಡಿಗೆ ಬೀಡಿ ಸೇದಲು ಹೊರಗೆ ಹೋದರು, ಎಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು, ಇವೆಲ್ಲ ರಾತ್ರಿ ರಾತ್ರಿಯೂ ಕಣ್ಣ ಮುಂದೆ ನಡೆಯುವ ಪರೀಕ್ಷೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಳಸುವವರನ್ನು ನೋಡಿ ಕಲಿಯಬೇಕೆಂದು ತರಬೇತಿ ಕೊಡುತ್ತಾರೆ. ಅವರು ಅದನ್ನು ಮರಳಿನ ಮೇಲೆ ನಿಂತು ಕಲಿತರು.

1944ರಲ್ಲಿ ಮದುವೆ. ಆಮೇಲೆ ಮೈಸೂರಿಗೆ ಬಂದು ಶಂಕರ್ ಸಿಂಗ್ ಮತ್ತು ಗೆಳೆಯರ ಜೊತೆ ಮಹಾತ್ಮ ಪಿಕ್ಚರ್ಸ್ ಹೆಸರಿನಲ್ಲಿ ಚಿತ್ರ ತಯಾರಿಕೆಗೆ ಇಳಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂದಿತ್ತು. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ವರ್ಷಕ್ಕೆ ಒಂದೋ ಎರಡೋ ಕನ್ನಡ ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ. ಅಂಥ ಕಾಲದಲ್ಲಿ ಮೈಸೂರಿನಲ್ಲಿ ಕೂತು ಒಂದರ ಹಿಂದೆ ಒಂದು ಕನ್ನಡ ಚಿತ್ರ ತೆಗೆಯುವುದೆಂದರೆ ಸಣ್ಣ ಸಾಹಸವಲ್ಲ. 1947ರಲ್ಲಿ ‘ಕೃಷ್ಣಲೀಲಾ’, 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ಹರಿಣಿಯವರು ನಟಿಸಿದ ‘ಜಗನ್ಮೋಹಿನಿ’ ಬಂದವು. ‘ಜಗನ್ಮೋಹಿನಿ’ಯ ನಿರ್ದೇಶನ ಶಂಕರ್ ಸಿಂಗ್ ಅವರದು. ಜನ ಮುಗಿಬಿದ್ದು ನೋಡಿದರು. ನಮ್ಮ ತಾತ ಆಗ ಹದಿನಾರರ ಹುಡುಗ. ಗದ್ದೆಗೆ ನೀರು ಕಟ್ಟಲು ಹೋಗುತ್ತೇನೆಂದು ಹೇಳಿ ಟೆಂಟಿಗೆ ಹೋಗಿ, ಬೆಳಿಗ್ಗೆ ತಮ್ಮ ಅಪ್ಪನ ಕೈಲಿ ಪೆಟ್ಟು ತಿಂದದ್ದನ್ನು ಅರವತ್ತು ವರ್ಷವಾದರೂ ಖುಷಿಯಿಂದಲೇ ಹೇಳುತ್ತಿದ್ದರು.

ಜೊತೆಗಾರರು ಒಬ್ಬೊಬ್ಬರಾಗಿ ಬಿಟ್ಟುಹೋಗಿ ಕೊನೆಗೆ ಉಳಿದದ್ದು ಶಂಕರ್ ಸಿಂಗ್ ಮತ್ತು ವಿಠಲಾಚಾರ್ಯರು ಇಬ್ಬರೇ. 1952ರ ‘ಶ್ರೀನಿವಾಸ ಕಲ್ಯಾಣ’ದಿಂದ ವಿಠಲಾಚಾರ್ಯರು ನಿರ್ದೇಶಕರೂ ಆದರು. 1953ರಲ್ಲಿ ಸ್ವಂತಕ್ಕೆ ವಿಠಲ್ ಪ್ರೊಡಕ್ಷನ್ಸ್ ಆರಂಭಿಸಿ ‘ರಾಜ್ಯಲಕ್ಷ್ಮಿ’ ತೆಗೆದರು. ಆಮೇಲೆ ಬಂದದ್ದು ‘ಕನ್ಯಾದಾನ’. ಇದರಲ್ಲಿ ಮಾಯೆ ಮಂತ್ರ ಯಾವುದೂ ಇಲ್ಲ, ಅದು ಸಾಮಾಜಿಕ ಚಿತ್ರ. ಮುಂದೆ ಕನ್ನಡದಲ್ಲಿ ‘ಮುತ್ತೈದೆ ಭಾಗ್ಯ’, ‘ಮನೆ ತುಂಬಿದ ಹೆಣ್ಣು’ ಕೂಡ ಇಂಥವೇ. ಸಂಸಾರದ ಕಥೆ ಗೊತ್ತಿಲ್ಲದೆ ದೆವ್ವದ ಕಡೆಗೆ ಹೋದವರು ಅವರಲ್ಲ.

‘ಕನ್ಯಾದಾನ’ವನ್ನು ತೆಲುಗಿನಲ್ಲೂ ತೆಗೆಯುವ ಹೊತ್ತಿಗೆ ಅವರು ಮದರಾಸಿಗೆ ಹೋಗಿ ನೆಲೆಸಿದರು. ಆಗ ದಕ್ಷಿಣದ ನಾಲ್ಕೂ ಭಾಷೆಗಳ ಸಿನಿಮಾಕ್ಕೆ ಮದರಾಸೇ ಕಾರ್ಖಾನೆ. ಸ್ಟುಡಿಯೊ, ಲ್ಯಾಬೊರೇಟರಿ, ತಂತ್ರಜ್ಞರು ಎಲ್ಲ ಅಲ್ಲೇ. ತೆಲುಗು ಮಾರುಕಟ್ಟೆಯೂ ದೊಡ್ಡದು. 1959ರ ‘ಜಯ ವಿಜಯ’ದ ಹೊತ್ತಿಗೆ ರಾಜಕುಮಾರ, ಮಾಂತ್ರಿಕ, ಶಾಪ, ಕತ್ತಿವರಸೆಯ ಜಾನಪದ ಕಥೆಗಳೇ ಅವರ ದಾರಿಯಾದವು. ಕಾಂತಾರಾವ್ ಅವರ ಖಾಯಂ ನಾಯಕರಂತೆ ಇದ್ದರು. ಎನ್.ಟಿ. ರಾಮರಾವ್ ಅವರೊಡನೆಯೇ ಹತ್ತಕ್ಕೂ ಹೆಚ್ಚು ಚಿತ್ರ ಮಾಡಿದರು. 1963ರಲ್ಲಿ ಒಂದೇ ಕಥೆಯನ್ನು ತೆಲುಗಿನಲ್ಲಿ ರಾಮರಾವ್ ಅವರೊಡನೆ ‘ಬಂದಿಪೋಟು’ ಎಂದೂ, ಕನ್ನಡದಲ್ಲಿ ರಾಜಕುಮಾರ್ ಅವರೊಡನೆ ‘ವೀರಕೇಸರಿ’ ಎಂದೂ ತೆಗೆದರು. ವೀರಕೇಸರಿಯ ಹಾಡನ್ನು ಇಂದಿಗೂ ನಮ್ಮೂರಿನ ಆರ್ಕೆಸ್ಟ್ರಾದವರು ಬಿಡುವುದಿಲ್ಲ. ಅದರ ನಿರ್ದೇಶಕರು ಉಡುಪಿ ಕಡೆಯವರು ಎಂದು ಎಷ್ಟು ಜನಕ್ಕೆ ಗೊತ್ತು? ತೆಲುಗರು ಮಾತ್ರ ಅವರನ್ನು ಜಾನಪದ ಬ್ರಹ್ಮ ಎಂದು ಕರೆದು ತಮ್ಮವರೆಂದೇ ತಿಳಿದರು.

ಈಗ ಅವರ ಮಾಯೆಯ ವಿಷಯ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಇವನ್ನೆಲ್ಲ ಹೇಗೆ ತೆಗೆಯುತ್ತಿದ್ದರು ಎಂದು ಮಕ್ಕಳು ಕೇಳಬಹುದು. ಮನುಷ್ಯ ಮಾಯವಾಗಬೇಕಾದರೆ ಕ್ಯಾಮೆರಾ ಅಲುಗಿಸದೆ ನಿಲ್ಲಿಸುವುದು, ನಟ ಪಕ್ಕಕ್ಕೆ ಸರಿಯುವುದು, ಮತ್ತೆ ಕ್ಯಾಮೆರಾ ಓಡಿಸುವುದು. ಒಬ್ಬನೇ ಇಬ್ಬರಾಗಿ ಕಾಣಬೇಕಾದರೆ ಲೆನ್ಸಿನ ಅರ್ಧವನ್ನು ಮುಚ್ಚಿ ಒಂದು ಸಲ ಚಿತ್ರಿಸಿ, ಫಿಲಂ ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ಮುಚ್ಚಿ ಅದೇ ಫಿಲಂ ಮೇಲೆ ಮತ್ತೊಂದು ಸಲ ಚಿತ್ರಿಸುವುದು. ದೆವ್ವ ಪಾರದರ್ಶಕವಾಗಿ ಕಾಣಲು ಖಾಲಿ ಕೋಣೆಯ ಚಿತ್ರದ ಮೇಲೆಯೇ ಕಪ್ಪು ಪರದೆಯ ಮುಂದೆ ನಿಂತ ನಟಿಯ ಚಿತ್ರವನ್ನು ಹೊಂದಿಸುವುದು. ಎಲುಬುಗೂಡು ಕುಣಿಯಬೇಕಾದರೆ ಕಪ್ಪು ಬಟ್ಟೆ ತೊಟ್ಟವನ ಮೈಮೇಲೆ ಬಿಳಿ ಬಣ್ಣದಲ್ಲಿ ಎಲುಬು ಬರೆದು ಕಪ್ಪು ಪರದೆಯ ಮುಂದೆ ಕುಣಿಸುವುದು. ಗಿಡದಿಂದ ಬಿದ್ದ ಹೂವು ಮತ್ತೆ ಗಿಡಕ್ಕೆ ಹಾರಬೇಕಾದರೆ ಫಿಲಂ ಹಿಂದುಮುಂದಾಗಿ ಓಡಿಸುವುದು. ಹಾರುವುದಕ್ಕೆಲ್ಲ ತಂತಿ, ದಾರ, ಸಣ್ಣ ಮಾದರಿ ಗೊಂಬೆ. ಈ ವಿದ್ಯೆಯ ಹಿರಿಯ ಫ್ರಾನ್ಸಿನ ಜಾರ್ಜ್ ಮೆಲಿಯೆ ಎಂಬ ಜಾದೂಗಾರ. 1902ರಲ್ಲೇ ಆತ ಚಂದ್ರನಿಗೆ ಹೋಗುವ ಚಿತ್ರ ತೆಗೆದಿದ್ದ. ಅದರಲ್ಲಿ ಚಂದ್ರಲೋಕದವರು ಕೊಡೆಯ ಒಂದು ಏಟಿಗೆ ಹೊಗೆಯಾಗಿ ಹೋಗುತ್ತಾರೆ.

ಇಲ್ಲಿ ನನ್ನ ಹಾರುವ ತಟ್ಟೆಯ ಕಡೆ ಒಮ್ಮೆ ತಿರುಗುತ್ತೇನೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಅನ್ಯಗ್ರಹದವರ ದಾಳಿಯ ಚಿತ್ರಗಳು ಸಾಲುಸಾಲಾಗಿ ಬಂದವು. ಕೆಲವಕ್ಕೆ ದುಡ್ಡಿತ್ತು. ಹೆಚ್ಚಿನವಕ್ಕೆ ಇರಲಿಲ್ಲ. 1953ರ ‘ರೋಬೋಟ್ ಮಾನ್‌ಸ್ಟರ್’ನಲ್ಲಿ ಭೂಮಿಯನ್ನು ನಾಶ ಮಾಡಲು ಬಂದ ಜೀವಿಗೆ ಮೈಯೆಲ್ಲ ಗೊರಿಲ್ಲಾದ ವೇಷ, ತಲೆಗೆ ನೀರಿನಲ್ಲಿ ಮುಳುಗುವವರ ಟೋಪಿಯಂಥದು. ಅವನ ಯಂತ್ರ ಸೋಪಿನ ಗುಳ್ಳೆ ಬಿಡುತ್ತದೆ. ಎಡ್ ವುಡ್ ಎಂಬ ನಿರ್ದೇಶಕನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ನಲ್ಲಿ ತಟ್ಟೆಗಳು ಅಂಗಡಿಯ ಆಟಿಕೆ, ದಾರ ಎದ್ದು ಕಾಣುತ್ತದೆ. ಮುಖ್ಯ ನಟ ಬೆಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು. ಮೊದಲೇ ತೆಗೆದಿದ್ದ ನಾಲ್ಕು ತುಣುಕು ಇಟ್ಟುಕೊಂಡು, ಉಳಿದ ಕಡೆ ಬೇರೊಬ್ಬನ ಮುಖವನ್ನು ಅಂಗಿಯ ಅಂಚಿನಿಂದ ಮುಚ್ಚಿಸಿ ವುಡ್ ಚಿತ್ರ ಮುಗಿಸಿದ. ಅದೇ 1953ರಲ್ಲಿ ಸಾಕಷ್ಟು ಹಣ ಹಾಕಿ ತೆಗೆದ, ವಿಶೇಷ ದೃಶ್ಯಗಳಿಗೆ ಆಸ್ಕರ್ ಪಡೆದ ‘ವಾರ್ ಆಫ್ ದಿ ವರ್ಲ್ಡ್ಸ್’ನ ಮಂಗಳ ಗ್ರಹದ ಯಂತ್ರಗಳಿಗೂ ತಂತಿಯಿತ್ತು, ಮುಂದಿನ ಪ್ರತಿಗಳಲ್ಲಿ ಅದು ಕಾಣತೊಡಗಿತು. ಹಣವಿದ್ದವರು ತಂತಿಯನ್ನು ಸ್ವಲ್ಪ ದಿನ ಹೆಚ್ಚು ಮುಚ್ಚಿಟ್ಟರು, ಅಷ್ಟೆ. ನಮ್ಮ ಕಡೆಯೂ ಅನ್ಯಗ್ರಹದವರು ಬರದೇ ಇರಲಿಲ್ಲ. ‘ವೀರಕೇಸರಿ’ ಬಂದ 1963ರಲ್ಲೇ ಮದರಾಸಿನಿಂದ ‘ಕಲೈ ಅರಸಿ’ ಎಂಬ ತಮಿಳು ಚಿತ್ರ ಬಂತು. ಎಂ.ಜಿ.ಆರ್. ಮತ್ತು ಭಾನುಮತಿ ನಟಿಸಿದ್ದರು. ಅದರಲ್ಲಿ ಅನ್ಯಗ್ರಹದವನು ಬರುವುದು ಊರು ಸುಡುವುದಕ್ಕಲ್ಲ, ತನ್ನ ಲೋಕಕ್ಕೆ ಸಂಗೀತ ಕಲಿಸಲು ಒಬ್ಬ ಹಾಡುಗಾರ್ತಿಯನ್ನು ಹೊತ್ತೊಯ್ಯುವುದಕ್ಕೆ!

ವಿಠಲಾಚಾರ್ಯರು ಹಾರುವ ತಟ್ಟೆಯ ಚಿತ್ರ ತೆಗೆದವರಲ್ಲ. ಅವರ ಜನಕ್ಕೆ ಬೇರೆ ಗ್ರಹ ಬೇಕಿರಲಿಲ್ಲ. ಪಾತಾಳ, ನಾಗಲೋಕ, ಏಳು ಸಮುದ್ರದ ಆಚೆಯ ದ್ವೀಪ ಆಗಲೇ ಇದ್ದವು. ಮೇಲಿನಿಂದ ಬರುವ ಶತ್ರುವಿನ ಜಾಗದಲ್ಲಿ ಗುಹೆಯ ಮಾಂತ್ರಿಕನಿದ್ದ. ಆದರೆ ಕೆಲಸ ಒಂದೇ: ಕಡಿಮೆ ದುಡ್ಡಿನಲ್ಲಿ, ಕಂಡಿರದ ಲೋಕವೊಂದನ್ನು ಎರಡೂವರೆ ಗಂಟೆ ನಂಬಿಸುವುದು.

ಲೋಪಗಳನ್ನು ಮುಚ್ಚಿಟ್ಟರೆ ಈ ಬರಹ ಹೊಗಳಿಕೆಯಾದೀತು. ನಾನು ದೊಡ್ಡವನಾದ ಮೇಲೆ ಅವರ ಹಲವು ಚಿತ್ರಗಳನ್ನು ತೆಲುಗು ವಾಹಿನಿಗಳಲ್ಲಿ ಕೂತು ನೋಡಿದ್ದೇನೆ. ನಾಲ್ಕು ನೋಡಿದ ಮೇಲೆ ಐದನೆಯದರ ಕಥೆ ಮೊದಲೇ ಗೊತ್ತಾಗುತ್ತದೆ. ಅದೇ ಉದ್ಯಾನ, ಅದೇ ಗುಹೆ, ಬಣ್ಣ ಮಾತ್ರ ಬೇರೆ. ಬಂಡೆ ಬಿದ್ದರೆ ಪುಟಿಯುತ್ತದೆ. ಕಥೆ ಎಲ್ಲಿ ಸಿಕ್ಕಿಹಾಕಿಕೊಂಡರೂ ಒಬ್ಬ ದೇವತೆ ಪ್ರತ್ಯಕ್ಷಳಾಗಿ ಬಿಡಿಸುತ್ತಾಳೆ. ಕೊನೆಯ ವರ್ಷಗಳ ದೆವ್ವದ ಚಿತ್ರಗಳಲ್ಲಿ ಹೆಣ್ಣಿನ ವೇಷಭೂಷಣ ಮನೆಮಂದಿ ಕೂತು ನೋಡುವಂಥದಲ್ಲ, ಅದು ಗಲ್ಲಾಪೆಟ್ಟಿಗೆಗೆಂದೇ ಇಟ್ಟದ್ದು. ತಾತ ಕೂಡ ಅಂಥ ಚಿತ್ರ ಬಂದರೆ ಚಾನೆಲ್ ಬದಲಿಸು ಎನ್ನುತ್ತಿದ್ದರು.

ಹಾಗಿದ್ದರೂ ಜನ ಏಕೆ ಬಂದರು? ದಾರ ಕಾಣಲಿಲ್ಲ ಎಂದಲ್ಲ. ನಮ್ಮ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಸೀನರಿ ಬಾಡಿಗೆಗೆ ತರುತ್ತಾರೆ. ಭೀಮನ ಗದೆ ರಟ್ಟಿನದೆಂದು ಎಲ್ಲರಿಗೂ ಗೊತ್ತು, ಭೀಮ ಸೊಸೈಟಿಗೆ ಹಾಲು ಹಾಕುವ ಪಕ್ಕದ ಮನೆಯವನೆಂದೂ ಗೊತ್ತು. ಆದರೂ ದುರ್ಯೋಧನನ ತೊಡೆಗೆ ಏಟು ಬೀಳುವಾಗ ಮೈ ಜುಮ್ಮೆನ್ನುತ್ತದೆ. ನೋಡುವವರು ಅರ್ಧ ಕೆಲಸವನ್ನು ತಾವೇ ಮಾಡುತ್ತಾರೆ. ಉಳಿದರ್ಧವನ್ನು ಆಡುವವನು ಪೂರ್ತಿ ಮನಸ್ಸಿನಿಂದ ಮಾಡಬೇಕು, ಅಷ್ಟೇ ಕರಾರು. ವಿಠಲಾಚಾರ್ಯರ ಚಿತ್ರದಲ್ಲಿ ಎಂಥ ಅಸಂಭವ ನಡೆಯುತ್ತಿದ್ದರೂ ಯಾರೂ ಅದನ್ನು ತಮಾಷೆ ಎಂಬಂತೆ ಆಡುವುದಿಲ್ಲ. ಎಲುಬುಗೂಡಿನ ಎದುರಿಗೆ ನಿಂತ ನಾಯಕ ನಿಜವಾಗಿ ಕತ್ತಿ ಬೀಸುತ್ತಾನೆ. ನೋಡುವವರನ್ನು ದಡ್ಡರೆಂದು ಎಣಿಸದ ಆ ಶ್ರದ್ಧೆಯೇ ಅವುಗಳ ಸೊಗಸು. ಇಂದು ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಮಾಡಿದ ರಾಕ್ಷಸನಲ್ಲಿ ದಾರ ಕಾಣುವುದಿಲ್ಲ, ನಿಜ. ನಮಗೆ ಮಾಡಲು ಅರ್ಧ ಕೆಲಸವನ್ನೂ ಅದು ಉಳಿಸುವುದಿಲ್ಲ.

ಕೆಲಸದಲ್ಲಿ ಅವರು ಶಿಸ್ತಿನವರು, ಮಿತವ್ಯಯಕ್ಕೆ ಹೆಸರಾದವರು. ತಾರೆಯರಿಗಾಗಿ ಕಾದು ಕೂರುವ ಜಾಯಮಾನ ಅವರದಲ್ಲ. ಚಿತ್ರರಂಗದಲ್ಲಿ ಇಂದಿಗೂ ಒಂದು ಕಥೆ ಹೇಳುತ್ತಾರೆ: ಯಾವ ನಟನಾದರೂ ಹೇಳಿದ ದಿನಕ್ಕೆ ಬಾರದೆ ಸತಾಯಿಸಿದರೆ, ಅವನ ಪಾತ್ರಕ್ಕೆ ಋಷಿಯಿಂದ ಶಾಪ ಕೊಡಿಸಿ, ಮೇಕೆಯನ್ನೋ ಕೋತಿಯನ್ನೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರಂತೆ. ನಿಜವೋ ಕಟ್ಟಿದ್ದೋ, ಆ ಮನುಷ್ಯನನ್ನು ಜನ ಹೇಗೆ ಕಂಡಿದ್ದರು ಎಂಬುದಕ್ಕೆ ಆ ಕಥೆ ಸಾಕು. ಏನು ಕಳೆದುಹೋದರೂ ಆಟ ನಿಲ್ಲಬಾರದು.

1970ರ ದಶಕದಲ್ಲಿ ಕತ್ತಿವರಸೆಯ ಚಿತ್ರಗಳ ಕಾಲ ಮುಗಿಯುತ್ತ ಬಂತು. ವಿಠಲಾಚಾರ್ಯರ ಕಾಲವೂ ಮುಗಿಯಿತೆಂದು ತಿಳಿದವರಿದ್ದರು. ಆಗ 1978ರಲ್ಲಿ, ತಾವು ಮೈಸೂರಿನಲ್ಲಿದ್ದಾಗಿನ ಹಳೆಯ ಹೆಸರನ್ನೇ ಮತ್ತೆ ಎತ್ತಿಕೊಂಡು, ತೆಲುಗಿನಲ್ಲಿ ‘ಜಗನ್ಮೋಹಿನಿ’ ತೆಗೆದರು. ನರಸಿಂಹರಾಜು ನಾಯಕ, ಜಯಮಾಲಿನಿ ಮೋಹಿನಿ. ಸೊಸೆಯ ರೂಪದಲ್ಲಿ ಮನೆ ಸೇರಿದ ದೆವ್ವ ಅಡುಗೆ ಮಾಡುವಾಗ ಸೌದೆಯ ಬದಲು ತನ್ನ ಕಾಲನ್ನೇ ಒಲೆಗೆ ಇಟ್ಟು ಉರಿಸುವ ದೃಶ್ಯವಿದೆ. ಖರ್ಚು ಏನೂ ಇಲ್ಲ, ಒಂದು ಒಲೆ, ಒಂದು ಜೊತೆ ಕಾಲು. ನೋಡಿದವರು ಯಾರೂ ಮರೆತಿಲ್ಲ. ಚಿತ್ರ ಭಾರೀ ಗೆದ್ದು ತಮಿಳಿಗೂ ಹೋಯಿತು. ಆಗ ಅವರಿಗೆ ಐವತ್ತೆಂಟು.

ಅದೇ 1978ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಎಡ್ ವುಡ್ ತೀರಿಕೊಂಡ. ಬಾಡಿಗೆ ಕೊಡಲಾಗದೆ ಮನೆಯಿಂದ ಹೊರಹಾಕಿಸಿಕೊಂಡು, ಬಡತನದಲ್ಲಿ, ಐವತ್ತನಾಲ್ಕನೇ ವಯಸ್ಸಿಗೆ. ಆತ ಸತ್ತ ಎರಡು ವರ್ಷಕ್ಕೆ ‘ಪ್ಲಾನ್ 9’ ಅನ್ನು ಜಗತ್ತಿನ ಅತಿ ಕೆಟ್ಟ ಚಿತ್ರವೆಂದು ಕರೆದು ನಕ್ಕರು. ನಗಲು ಬಂದವರೇ ಕ್ರಮೇಣ ಅದನ್ನು ಪ್ರೀತಿಸತೊಡಗಿದರು. ಇಬ್ಬರಿಗೂ ದುಡ್ಡಿರಲಿಲ್ಲ, ಇಬ್ಬರಿಗೂ ಹುಚ್ಚಿತ್ತು. ನನ್ನ ಬುದ್ಧಿಗೆ ತೋಚಿದ ವ್ಯತ್ಯಾಸ ಒಂದೇ. ಅರಸೀಕೆರೆಯ ಹೋಟೆಲು ಮತ್ತು ನಾಲ್ಕು ಟೆಂಟುಗಳಲ್ಲಿ ಕಲಿತ ಲೆಕ್ಕ ನಮ್ಮವರ ಕೈಯಲ್ಲಿತ್ತು, ಎದುರಿಗೆ ಕೂತವರ ಮುಖ ಅವರಿಗೆ ಗೊತ್ತಿತ್ತು.

‘ಗಂಧರ್ವ ಕನ್ಯ’, ‘ಮದನ ಮಂಜರಿ’ ಎಂದು ಚಿತ್ರಗಳು ಮುಂದುವರಿದವು. 1990ರ ದಶಕದ ಆರಂಭದವರೆಗೂ ಕೆಲಸ ಮಾಡಿದರು. ಮನೆಮನೆಗೆ ಟಿ.ವಿ. ಬಂತು, ನಮ್ಮ ಕಡೆಯ ಟೆಂಟುಗಳು ಒಂದೊಂದಾಗಿ ಕಳಚಿದವು. 1999ರ ಮೇ 28ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು. ಮೂರನೇ ತರಗತಿಗೆ ಶಾಲೆ ಬಿಟ್ಟವರು ಬಿಟ್ಟುಹೋದದ್ದು ಹತ್ತಾರು ಚಿತ್ರಗಳನ್ನು, ಎರಡು ಭಾಷೆಯ ಜನರ ಬಾಲ್ಯವನ್ನು.

ಈಗ ನನ್ನ ತಪ್ಪಿನ ಉಳಿದ ಭಾಗ. ಅವತ್ತು ನಾನು ಓಡಿಬಂದ ಮೇಲೆ ವೇದಿಕೆಯಲ್ಲಿ ಏನಾಯಿತೆಂದು ಮಾರನೆಯ ದಿನ ತಿಳಿಯಿತು. ಗೆಳೆಯ ಬಕೆಟ್ಟು ತೆಗೆಯಲಿಲ್ಲ. ಬಿದ್ದ ತಟ್ಟೆಗಳನ್ನು ಎತ್ತಿಕೊಂಡು, ನಿಮ್ಮೂರಿನ ಗಾಳಿಗೆ ನಮ್ಮ ವಾಹನ ಪಂಕ್ಚರ್ ಆಯಿತು, ಸೈಕಲ್ ಶಾಪು ಎಲ್ಲಿದೆ ಎಂದು ಮುಂದೆ ಕೂತಿದ್ದ ಮೇಷ್ಟ್ರನ್ನೇ ಕೇಳಿದನಂತೆ. ಅವರೂ ಎದ್ದು ನಿಂತು ದಾರಿ ಹೇಳಿದರಂತೆ. ಆಮೇಲಿನ ನಗು ಅವನ ಮೇಲಿನದಲ್ಲ, ಅವನ ಜೊತೆಗಿನದು. ವಿಜ್ಞಾನಿಯ ಮಾತುಗಳನ್ನೂ ತಾನೇ ಹೇಳಿ ನಾಟಕ ಮುಗಿಸಿದ. ಇಡೀ ತಿಂಗಳು ಊರಿನಲ್ಲಿ ಅವನದೇ ಮಾತು. ನಾನು ಮಾತ್ರ ನಾಚಿಕೆಯಿಂದ ಬೆಂಚು ಬದಲಿಸಿದೆ. ಕ್ಷಮೆ ಕೇಳುವ ಬದಲು ಮಾತು ಬಿಟ್ಟೆ. ಎಸ್.ಎಸ್.ಎಲ್.ಸಿ. ಆದ ಮೇಲೆ ನಾನು ಮೈಸೂರಿಗೆ, ಆಮೇಲೆ ಬೆಂಗಳೂರಿಗೆ ಹೋದೆ. ಅವನು ಓದು ನಿಲ್ಲಿಸಿ ಊರಿನಲ್ಲೇ ಉಳಿದ.

ಕೆಲವು ವರ್ಷದ ಹಿಂದೆ ನಾವು ತಿಂಗಳುಗಟ್ಟಲೆ ಬರೆದ ಪ್ರೋಗ್ರಾಂ ಒಂದನ್ನು ಗಿರಾಕಿಗಳ ಎದುರು ತೋರಿಸುವಾಗ ನಡುವೆ ನಿಂತುಹೋಯಿತು. ಪರದೆಯ ಮೇಲೆ ಕೆಂಪು ಅಕ್ಷರ. ಕೋಣೆಯಲ್ಲಿ ಹತ್ತು ಜನ. ಕಾಲುಗಳು ಬಾಗಿಲ ಕಡೆ ಎಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ಕಣ್ಣಿಗೆ ಬಂದದ್ದು ಬಕೆಟ್ಟು ತೊಟ್ಟು ನಿಂತ ಹುಡುಗ. ನಿಂತೆ. ಏನು ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ಉಳಿದದ್ದನ್ನು ವಿವರಿಸಿದೆ. ಕೆಲಸ ನಮ್ಮ ಕೈ ಬಿಟ್ಟುಹೋಗಲಿಲ್ಲ.

ತಾತ ಈಗಿಲ್ಲ. ಈ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆ ಊರಿಗೆ ಬಂದಾಗ ಗೆಳೆಯನ ಆಲೆಮನೆಗೆ ಹೋದೆ. ಇಪ್ಪತ್ತು ವರ್ಷದ ಮೇಲೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದೆ. ಅವನು ಕೊಪ್ಪರಿಗೆಯ ಪಕ್ಕದಲ್ಲಿ ನಿಂತಿದ್ದ. ಬಿಸಿ ಬೆಲ್ಲ ಹಾಕಿಕೊಟ್ಟ. ಹಾಕಿಕೊಟ್ಟದ್ದು ಅಂಚಿನಲ್ಲಿ ತೂತಿರುವ ಒಂದು ತಟ್ಟೆಯಲ್ಲಿ. ಅವರಮ್ಮ ಅದನ್ನು ಎಸೆದಿರಲಿಲ್ಲ. ತಟ್ಟೆ ಹಿಡಿದುಕೊಂಡೇ ಕ್ಷಮೆ ಕೇಳಿದೆ. ಅವನು ನಕ್ಕು, ಬೆಲ್ಲ ಆರುತ್ತದೆ ತಿನ್ನು ಎಂದ.

ಮಹೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಕೊಡಬೇಕೆಂದು ನಾವಿಬ್ಬರೂ ಹೆಸರು ಬರೆಸಿದ್ದೇವೆ. ತಟ್ಟೆಗಳು ಅವೇ. ಬಕೆಟ್ಟು ಹೊಸದು. ನೈಲಾನ್ ದಾರ ಈ ಸಲವೂ ಕಾಣುತ್ತದೆ, ಮುಂದೆ ಕೂತ ಮಕ್ಕಳು ಧಾರಾಳವಾಗಿ ಕೂಗಲಿ. ನಾನು ಆಟ ಮುಗಿಯುವವರೆಗೆ ವೇದಿಕೆಯ ಮೇಲೆ ಇರುತ್ತೇನೆ.